ಕುಬಸದ ಬೆಲ್ಲ

ಕೃಷ್ಣೆ-ದೂಧಗಂಗೆಯರು ಪೋಷಿಸುವ ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ, ಕಾಗವಾಡದ ನೆರೆಯ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಗುವುದಕ್ಕೆ ಬಹುಪೂರ್ವದಿಂದಲೂ ಬೆಲ್ಲವೇ ಮಂಗಳದ್ರವ್ಯವಾಗಿದ್ದು, ಗರ್ಭಿಣಿಗೆ ಹಸಿರು ಸೀರೆಯುಡಿಸಿ ಹಸಿರು ಬಳೆ ತೊಡಿಸುವ ಕುಬಸದಲ್ಲಿ ಹೋಳಿಗೆ-ಕಡುಬುಗಳಾಗಿಯೂ, ಬಾಣಂತಿಗೆ ಕೊಬ್ಬರಿ, ಉತ್ತತ್ತಿ, ತುಪ್ಪಗಳೊಡನೆ ಕಟ್ಟುವ ಅಂಟಿನ ಉಂಡೆಯಾಗಿಯೂ ಬಳಕೆಗೊಂಡಿತು. ಹೊಲದಲ್ಲಿ ದೇಹ ಸವೆಸುತ್ತಿದ್ದ, ನಿಪ್ಪಾಣಿಯ ತಂಬಾಕಿನ ಧೂಳಿನಲ್ಲಿ ದುಡಿಯುತ್ತಿದ್ದ ಸ್ತ್ರೀಯರಿಗೆ ಆ ಉಪಚಾರ ಅನುಚಿತವಾಗಿತ್ತೆಂದು ನಾನು ಹೇಳಲಾರೆ.

ಆದರೆ ಮಧುಮೇಹದ ಕಥೆ ಬೇರೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಗುವ ಮುನ್ನ ಆ ವ್ಯಾಧಿಪೀಡಿತೆಯರು ಗರ್ಭ ಧರಿಸುವುದೇ ವಿರಳ. ಧರಿಸಿದವರಲ್ಲಿ ಅನೇಕರು ಉಳಿಯುತ್ತಿರಲಿಲ್ಲ. ತಾಯಿಯ ರಕ್ತದ ಅಧಿಕ ಸಕ್ಕರೆ ಮಾಸನ್ನು ದಾಟಿ, ಭ್ರೂಣದ ಮೇದೋಜೀರಕಾಂಗವು ಅತಿಯಾಗಿ ಇನ್ಸುಲಿನ್ ಸ್ರವಿಸುವಂತೆ ಪ್ರಚೋದಿಸಿ, ಶಿಶುವನ್ನು ಸ್ಥೂಲಗೊಳಿಸಿ, ಪ್ರಸವವನ್ನು ಕಷ್ಟಕರವಾಗಿಸಿ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದೇ ಶಿಶುವಿನ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಕುಸಿಸುತ್ತದೆಂಬುದನ್ನು 1950ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯ ಪೆಡರ್ಸನ್ ವಿವರಿಸಿದನು. ದುಂಡುಮೈಯ ಕೂಸೆಲ್ಲವೂ ಸೌಭಾಗ್ಯದ ಕುರುಹಲ್ಲ. ತಾಯಿಗೂ ರಕ್ತದೊತ್ತಡದ ಭೀತಿಯುಂಟು.

ಆದುದರಿಂದ ಕುಬಸಕ್ಕೆ ಅಣಿಯಾಗುವ ಹಿರಿಯರು ಗರ್ಭಿಣಿಯನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗಳ ತರುವಾಯ ನಡೆಯುವ ಮಧುಮೇಹದ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸತಕ್ಕದ್ದು.