ಐದು ಋತುಗಳ ಊರು ಸೀಡರ್ ರ‍್ಯಾಪಿಡ್ಸ್

ಅಮೆರಿಕದ ಅಯೋವಾ ರಾಜ್ಯದ ಪೂರ್ವಭಾಗದಲ್ಲಿರುವ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಮೂಗೇ ಹೇಳುತ್ತದೆ. ಹೊಳೆಯ ದಂಡೆಯಲ್ಲೇ ಕ್ವೇಕರ್ ಓಟ್ಸ್ ಕಾರ್ಖಾನೆಯಿದೆ. ಮಕ್ಕಳ ಬೆಳಗಿನ ತಿಂಡಿಯ ಬಣ್ಣದ ಸಿಹಿಕಾಳು ಅಲ್ಲಿ ತಯಾರಾಗುವ ದಿನ ಪೇಟೆಗೆಲ್ಲ ಹಣ್ಣಿನ ಘಮ. ಗಾಳಿ ತಿರುಗಿದರೆ ಮೆಕ್ಕೆಜೋಳವನ್ನು ನೆನೆಸಿ ಅರೆಯುವ ಗಿರಣಿಗಳ ಹುಳಿನಾತ. 1968ರಲ್ಲಿ ಊರು ತನಗೆ ತಾನೇ ‘ಐದು ಋತುಗಳ ನಗರ’ ಎಂಬ ಬಿರುದು ಕೊಟ್ಟುಕೊಂಡಿತು. ಐದನೆಯ ಋತು ಎಂದರೆ ಉಳಿದ ನಾಲ್ಕನ್ನು ಅನುಭವಿಸಲು ಸಿಗುವ ಪುರುಸೊತ್ತು. ಸ್ಥಳೀಯರು ಅದನ್ನೇ ತಿರುಚಿ ‘ಐದು ವಾಸನೆಗಳ ನಗರ’ ಎಂದು ನಗುತ್ತಾರೆ. ಎರಡೂ ನಿಜ, ಎರಡೂ ಬಂದದ್ದು ಒಂದೇ ಕಡೆಯಿಂದ: ಕಾಳು ಮತ್ತು ಹೊಳೆ.

1838ರಲ್ಲಿ ಇಲ್ಲಿ ಮೊದಲ ಗುಡಿಸಲು ಕಟ್ಟಿದವನು ಆಸ್ಗುಡ್ ಶೆಫರ್ಡ್. ಅವನು ಕುದುರೆಗಳ್ಳನೆಂಬ ಮಾತು ಊರಿನ ಚರಿತ್ರೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸೀಡರ್ ನದಿ ಬಂಡೆಗಳ ಮೇಲೆ ರಭಸವಾಗಿ ಹರಿಯುತ್ತಿದ್ದ ಜಾಗ ಗಿರಣಿಗೆ ಹೇಳಿಮಾಡಿಸಿದಂತಿತ್ತು. 1849ರಲ್ಲಿ ಪಟ್ಟಣವಾಯಿತು. 1871ರಲ್ಲಿ ಸಿಂಕ್ಲೇರ್‌ನ ಹಂದಿಮಾಂಸದ ಕಾರ್ಖಾನೆ, 1873ರಲ್ಲಿ ಓಟ್ಸ್ ಗಿರಣಿ ಬಂದವು. ಕೂಲಿಗೆಂದು ಚೆಕ್ ಜನ ಬಂದು ಹೊಳೆಯ ಪಕ್ಕದಲ್ಲೇ ನೆಲೆಸಿದರು. ಅವರ ಕೇರಿಯಲ್ಲಿ ಹಣ್ಣಿನ ಪಾಕ ತುಂಬಿದ ಕೊಲಾಚೆ ಎಂಬ ಸಿಹಿರೊಟ್ಟಿ ಇಂದಿಗೂ ಸಿಗುತ್ತದೆ. ಲೆಬನಾನ್, ಸಿರಿಯಾ ಕಡೆಯಿಂದ ಬಂದ ಮುಸ್ಲಿಮರು 1934ರಲ್ಲಿ ಒಂದು ಪುಟ್ಟ ಮಸೀದಿ ಕಟ್ಟಿಕೊಂಡರು. ಮಸೀದಿಗೆಂದೇ ಕಟ್ಟಿ ಇಂದಿಗೂ ಉಳಿದಿರುವ ಕಟ್ಟಡಗಳಲ್ಲಿ ಇಡೀ ಅಮೆರಿಕಕ್ಕೇ ಅದು ಹಳೆಯದು. ಮಧ್ಯಪಶ್ಚಿಮದ ಊರುಗಳೆಲ್ಲ ಒಂದೇ ಅಚ್ಚಿನವು ಎನ್ನುವವರು ಇದನ್ನು ಹೋಗಿ ನೋಡಬೇಕು.

1933ರಲ್ಲಿ ಆರ್ಥರ್ ಕಾಲಿನ್ಸ್ ಎಂಬ ತರುಣ ಇಲ್ಲಿ ರೇಡಿಯೊ ಕಂಪನಿ ತೆರೆದ. ಅಪೊಲೊ ಯಾತ್ರಿಕರು ಚಂದ್ರನಿಂದ ಆಡಿದ ಮಾತು ಭೂಮಿಗೆ ಬಂದದ್ದು ಆ ಕಂಪನಿಯ ಉಪಕರಣಗಳ ಮೂಲಕ. ಕೈ ಬದಲಾಗುತ್ತಾ ಬಂದು ಈಗ ಅದು ಕಾಲಿನ್ಸ್ ಏರೋಸ್ಪೇಸ್. ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದ ಈ ಕಂಪನಿಗೆ ಬೆಂಗಳೂರಿನಲ್ಲೂ ಕಚೇರಿಯಿದೆ. ಆದ್ದರಿಂದ ಇಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಹಿಂದೂ ದೇವಸ್ಥಾನವೂ ಇದೆ. ಅರ್ಧ ಗಂಟೆ ದಕ್ಷಿಣಕ್ಕೆ ಹೋದರೆ ವಿಶ್ವವಿದ್ಯಾಲಯದ ಊರು ಅಯೋವಾ ಸಿಟಿ. ಅಲ್ಲಿನ ಅಂತರರಾಷ್ಟ್ರೀಯ ಲೇಖಕರ ಕಾರ್ಯಕ್ರಮಕ್ಕೆ ನಮ್ಮ ವಿವೇಕ ಶಾನಭಾಗರೂ ಹೋಗಿದ್ದರು. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ ಕವಿ ಪಾಲ್ ಎಂಗಲ್ ಸೀಡರ್ ರ‍್ಯಾಪಿಡ್ಸ್‌ನವನೇ.

2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 1,37,710. ಕೆಲಸದ ಜಾಗ, ಶಾಲೆ, ಅಂಗಡಿ ಎಲ್ಲವೂ ಹತ್ತಿರ. ಒಬ್ಬರ ಸಂಬಳದಲ್ಲಿ ಹಿತ್ತಿಲಿರುವ ಮನೆ ಕೊಳ್ಳುವುದು ಕ್ಯಾಲಿಫೋರ್ನಿಯಾದಲ್ಲಿ ಕನಸು, ಇಲ್ಲಿ ದುಡಿಯುವವರಿಗೆ ಎಟುಕುವ ಮಾತು. ಆದರೆ ಪ್ರಯಾಣಿಕರ ರೈಲಿಲ್ಲ. ಇರುವುದು ಗೂಡ್ಸ್ ರೈಲು, ಅದು ನಡುಪೇಟೆಯಲ್ಲೇ ಹಾದು ಹೋಗುವಾಗ ಕಾರುಗಳೆಲ್ಲ ಕಾಯಬೇಕು. ಕಾರು ಓಡಿಸದವರಿಗೆ, ಅದರಲ್ಲೂ ಮಗನ ಮನೆಗೆ ಬಂದ ವಯಸ್ಸಾದ ತಾಯ್ತಂದೆಯರಿಗೆ, ಈ ಊರು ಮನೆಯ ನಾಲ್ಕು ಗೋಡೆಗಳೇ. 2019ರ ಜನವರಿಯಂಥ ಚಳಿಯಲ್ಲಿ, ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ, ಅವರು ಕಿಟಕಿಯ ಹತ್ತಿರವೂ ಬರುವುದಿಲ್ಲ.

ಕಲಾವಿದ ಗ್ರಾಂಟ್ ವುಡ್ 1930ರಲ್ಲಿ ‘ಅಮೆರಿಕನ್ ಗೋಥಿಕ್’ ಚಿತ್ರ ಬರೆದದ್ದು ಇಲ್ಲೇ, ತನ್ನ ಪುಟ್ಟ ಮಾಳಿಗೆಯಲ್ಲಿ. ಅದರಲ್ಲಿ ಕವಲುಗೋಲು ಹಿಡಿದು ನಿಂತ ರೈತ ನಿಜಕ್ಕೂ ಈ ಊರಿನ ಹಲ್ಲಿನ ಡಾಕ್ಟರು. ಮಾಳಿಗೆ ಇಲ್ಲೇ ಉಳಿಯಿತು, ಚಿತ್ರ ಷಿಕಾಗೋ ಸೇರಿತು. ಇಲ್ಲಿ ಓದಿ ಬೆಳೆದ ಎಷ್ಟೋ ಹುಡುಗ ಹುಡುಗಿಯರೂ ಅದೇ ದಾರಿ ಹಿಡಿಯುತ್ತಾರೆ.

ಇನ್ನು ಹೊಳೆ. ನಗರಸಭೆಯ ಕಚೇರಿ, ಕೋರ್ಟು, ಜೈಲು ಎಲ್ಲವನ್ನೂ ಹೊಳೆಯ ನಡುವಿನ ನಡುಗಡ್ಡೆಯ ಮೇಲೆ ಕಟ್ಟಿದ ಊರಿದು. ನೋಡಲು ಚಂದ, ಧೈರ್ಯವೂ ಸ್ವಲ್ಪ ಹೆಚ್ಚೇ. 2008ರವರೆಗಿನ ದಾಖಲೆಯ ನೆರೆ 20 ಅಡಿ. ಆ ವರ್ಷದ ಜೂನ್ 13ರಂದು ನೀರು 31.12 ಅಡಿಗೆ ಏರಿತು. ಹತ್ತು ಚದರ ಮೈಲಿ ಮುಳುಗಿತು, ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಮೊದಲೇ ಜನರನ್ನು ತೆರವುಗೊಳಿಸಿದ್ದರಿಂದ ಊರಿನಲ್ಲಿ ಒಂದೂ ಜೀವ ಹೋಗಲಿಲ್ಲ. ಪೆಟ್ಟು ಬಿದ್ದದ್ದು ಮಾತ್ರ ಹೆಚ್ಚಾಗಿ ತಗ್ಗಿನ ಕೇರಿಗಳ ದುಡಿಯುವ ಜನಕ್ಕೆ. ‘ಟೈಮ್ ಚೆಕ್’ ಎಂಬ ಕೇರಿಯ ಎಷ್ಟೋ ಮನೆಗಳನ್ನು ಸರ್ಕಾರವೇ ಕೊಂಡು ಕೆಡವಿತು, ಅಲ್ಲೀಗ ಹುಲ್ಲು. 1995ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್, ಚೆಕ್ ಅಧ್ಯಕ್ಷ ಹಾವೆಲ್ ಬಂದು ಉದ್ಘಾಟಿಸಿದ್ದ ಚೆಕ್ ಮತ್ತು ಸ್ಲೋವಾಕ್ ಮ್ಯೂಸಿಯಂ ಕೂಡ ಮುಳುಗಿತ್ತು. 2011ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ, 480 ಅಡಿ ದೂರ ಸರಿಸಿ, 11 ಅಡಿ ಮೇಲೆ ಕೂರಿಸಿದರು. ಅಷ್ಟು ಗಟ್ಟಿಗರಾದ ಇದೇ ಜನ ನೆರೆ ತಡೆಯುವ ಕೆಲಸಕ್ಕೆ ಮಾರಾಟ ತೆರಿಗೆ ಕೇಳಿದಾಗ 2011ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ ಬೇಡವೆಂದು ಮತ ಹಾಕಿದರು! 2016ರಲ್ಲಿ ನೀರು ಮತ್ತೆ 22 ಅಡಿ ಮುಟ್ಟಿದಾಗ ಮರಳಿನ ಚೀಲ ಹೊರಲು ಮಾತ್ರ ಎಲ್ಲರೂ ಬಂದರು. ಈ ವಿಚಿತ್ರವನ್ನು ಅರ್ಥಮಾಡಿಕೊಂಡರೆ ಊರು ಅರ್ಥವಾದಂತೆ. ತೆರಿಗೆಗೆ ಜಿಪುಣರು, ಮೈಮುರಿಯಲು ಉದಾರಿಗಳು.

2020ರ ಆಗಸ್ಟ್ 10ರಂದು ಬೀಸಿದ ಡೆರೆಚೊ ಬಿರುಗಾಳಿಯ ವೇಗ ಗಂಟೆಗೆ 140 ಮೈಲಿಯಷ್ಟಿತ್ತೆಂದು ಅಂದಾಜು. ಊರಿನ ಮರಗಳ ನೆರಳಿನಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಧ್ಯಾಹ್ನ ಹೋಯಿತು. ಎಷ್ಟೋ ಮನೆಗಳಿಗೆ ವಾರ ಕಳೆದರೂ ಕರೆಂಟ್ ಬರಲಿಲ್ಲ. ನೆಟ್ಟ ಸಸಿಗಳು ನೆರಳು ಕೊಡಲು ಇನ್ನೂ ಬಹಳ ವರ್ಷ ಬೇಕು.

ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಈ ಊರನ್ನು ಧೈರ್ಯವಾಗಿ ಹೇಳುತ್ತೇನೆ. ಒಂಟಿ ಹುಡುಗರಿಗೆ, ರಾತ್ರಿ ಹತ್ತಾದ ಮೇಲೂ ಬೀದಿಯಲ್ಲಿ ಜನ ಬೇಕೆನ್ನುವವರಿಗೆ, ಹೇಳುವುದಿಲ್ಲ. ಬಂದು ನೆಲೆಸುವುದೇ ಆದರೆ ಮನೆ ಕೊಳ್ಳುವ ಮುಂಚೆ ನೆರೆಯ ನಕ್ಷೆ ತೆಗೆದು ನೋಡಿ, ಬಿರುಗಾಳಿಯ ದಿನ ಇಳಿದು ಕೂರಲು ನೆಲಮಾಳಿಗೆ ಇದೆಯೇ ಎಂದು ಕೇಳಿ, ಆಮೇಲೆ ಬೆಲೆಯ ಮಾತಾಡಿ.