ಬಯಲುಸೀಮೆಯ ಚಿನ್ನಿದಾಂಡು

ಚಿನ್ನಿದಾಂಡು ಆಡಲು ಬೇಕಾದದ್ದು ಎರಡು ತುಂಡು ಕಟ್ಟಿಗೆ, ನೆಲದಲ್ಲೊಂದು ಕುಳಿ, ಕಣ್ಣು ಹಾಯುವಷ್ಟು ಬಯಲು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಈ ಮೂರಕ್ಕೂ ಒಂದು ಕಾಲದಲ್ಲಿ ಕೊರತೆ ಇರಲಿಲ್ಲ. ಹೊಲದ ಬದುವಿನ ಜಾಲಿಯನ್ನೋ ಹುಣಸೆಯನ್ನೋ ಮಚ್ಚಿನಿಂದ ಕಡಿದು, ಮೊಳಕ್ಕಿಂತ ತುಸು ಉದ್ದದ ದಾಂಡು ಮಾಡಿಕೊಳ್ಳುತ್ತಿದ್ದರು. ಉಳಿದ ತುಂಡಿನಲ್ಲಿ ನಾಲ್ಕೈದು ಅಂಗುಲದ ಚಿನ್ನಿ. ಅದರ ಎರಡೂ ತುದಿ ಚೂಪಾಗಿರಬೇಕು. ತುದಿ ಮೊಂಡಾದರೆ ಚಿನ್ನಿ ಏಳುವುದಿಲ್ಲ, ತೀರಾ ಚೂಪಾದರೆ ನೆಲಕ್ಕೆ ನಾಟಿಕೊಳ್ಳುತ್ತದೆ. ಹದವಾಗಿ ಕೆತ್ತಬಲ್ಲ ಹುಡುಗನಿಗೆ ಆಟ ಬಾರದಿದ್ದರೂ ತಂಡದಲ್ಲಿ ಜಾಗ ಸಿಗುತ್ತಿತ್ತು.

ಮೊದಲ ಸರದಿ ಯಾರದೆಂದು ತೀರ್ಮಾನಿಸಲು ಹೆಂಚಿನ ಚೂರಿನ ಒಂದು ಬದಿಗೆ ಉಗುಳಿ ಮೇಲಕ್ಕೆ ಹಾರಿಸುತ್ತಿದ್ದರು. ಒದ್ದೆಯೋ ಒಣವೋ, ಹೇಳಿದ್ದು ನಿಜವಾದವರಿಗೆ ದಾಂಡು. ಕುಳಿಯ ಮೇಲೆ ಚಿನ್ನಿಯನ್ನು ಅಡ್ಡ ಇಟ್ಟು, ಕೆಳಗಿನಿಂದ ದಾಂಡು ಕೊಟ್ಟು ಚಿಮ್ಮಿದರೆ ಎದುರಿನವರು ಕೈಯೊಡ್ಡಿ ಓಡಿ ಬರುತ್ತಾರೆ. ಹಿಡಿದರೆ ಆಟಗಾರ ಔಟು. ಹಿಡಿಯದಿದ್ದರೆ ಬಿದ್ದಲ್ಲಿಂದ ಚಿನ್ನಿಯನ್ನು ಎಸೆದು ಕುಳಿಯ ಮೇಲಿಟ್ಟ ದಾಂಡಿಗೆ ತಾಗಿಸಬೇಕು. ಅದೂ ತಪ್ಪಿತೆಂದರೆ ನಿಜವಾದ ಆಟ ಶುರು. ಚಿನ್ನಿಯ ತುದಿಗೆ ಮೆಲ್ಲಗೆ ಒಂದು ಏಟು. ಅದು ಗಿರ್ರನೆ ತಿರುಗುತ್ತ ಎದೆಮಟ್ಟಕ್ಕೆ ಏಳುವ ಕ್ಷಣದಲ್ಲಿ ಬೀಸಿ ಇನ್ನೊಂದು. ಆ ಎರಡನೆಯ ಏಟಿನ ಟಣ್ ಸದ್ದಿನಲ್ಲೇ ಚಿನ್ನಿ ಎಷ್ಟು ದೂರ ಹೋಗುತ್ತದೆಂದು ಅನುಭವಸ್ಥರು ಹೇಳಿಬಿಡುತ್ತಿದ್ದರು. ಚಿನ್ನಿ ಬಿದ್ದ ಜಾಗದಿಂದ ಕುಳಿಯವರೆಗಿನ ದೂರವನ್ನು ದಾಂಡಿನಿಂದಲೇ ಅಳೆಯುವುದು ರೂಢಿ. ಆಟಗಾರ ಬಾಯಲ್ಲಿ ಒಂದು ಸಂಖ್ಯೆ ಕೇಳುತ್ತಾನೆ. ಎದುರಿನವರಿಗೆ ಅನುಮಾನ ಬಂದರೆ ಅಳೆಯುತ್ತಾರೆ, ಕಡಿಮೆ ಬಿದ್ದರೆ ಆಟ ಹೋಯಿತು. ಕಣ್ಣಳತೆ ಕಲಿಸುವುದರಲ್ಲಿ ಇದನ್ನು ಮೀರಿಸುವ ಆಟ ಇನ್ನೊಂದಿಲ್ಲ.

ಆಟದ ಹಳಮೆ ದೊಡ್ಡದು. ಮಹಾಭಾರತದ ಆದಿಪರ್ವದಲ್ಲಿ ರಾಜಕುಮಾರರು ಆಡುತ್ತಿದ್ದಾಗ ಬಾವಿಗೆ ಬಿದ್ದ ‘ವೀಟಾ’ವನ್ನು ದ್ರೋಣ ಹುಲ್ಲುಕಡ್ಡಿಗಳಿಂದ ಮೇಲೆತ್ತುತ್ತಾನೆ. 17ನೆಯ ಶತಮಾನದ ವ್ಯಾಖ್ಯಾನಕಾರ ನೀಲಕಂಠ, ವೀಟಾ ಎಂದರೆ ಜವೆಗೋಧಿಯ ಆಕಾರದ ಗೇಣುದ್ದದ ಕಟ್ಟಿಗೆ, ಹುಡುಗರು ಅದನ್ನು ಮೊಳದುದ್ದದ ಕೋಲಿನಿಂದ ಹಾರಿಸುತ್ತಾರೆ ಎಂದು ಅರ್ಥ ಹೇಳಿದ್ದಾನೆ. ಮಹಾರಾಷ್ಟ್ರದಲ್ಲಿ ಈ ಆಟಕ್ಕೆ ವಿಟಿದಾಂಡು ಎಂದೇ ಹೆಸರು. ಅಲ್ಲಿ ‘ವಕಟ್, ಲೆಂಡ್, ಮುಂಡ್’ ಎಂದು ಎಣಿಸುವುದು ತೆಲುಗಿನ ಒಕಟಿ, ರೆಂಡು, ಮೂಡು ಎಂಬ ಎಣಿಕೆಯಿಂದ ಬಂದದ್ದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಹಿರಿಯೂರಿನ ಪೂರ್ವದ ಹಳ್ಳಿಗಳವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಅಮೆರಿಕದ ಬೇಸ್‌ಬಾಲ್ ಕೂಡ ಮೂಲದಲ್ಲಿ ಇಂಥದೇ ಹುಡುಗಾಟ. 1744ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕವೊಂದರಲ್ಲಿ ಅದರ ಹೆಸರಿದೆ. 1845ರಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬು ನಿಯಮ ಬರೆಯಿತು, 1876ಕ್ಕೆ ನ್ಯಾಷನಲ್ ಲೀಗ್ ಹುಟ್ಟಿತು, ಆಟ ಹೊಟ್ಟೆಪಾಡಿನ ಕಸುಬೂ ಆಯಿತು. ಚಿನ್ನಿದಾಂಡಿನ ನಿಯಮ ಮಾತ್ರ ಊರವರ ಬಾಯಲ್ಲೇ ಉಳಿಯಿತು. ಗಾಳಿಯಲ್ಲಿ ಚಿನ್ನಿಗೆ ಎರಡು ಸಲ ತಾಗಿಸಿದರೆ ಲೆಕ್ಕ ಇಮ್ಮಡಿಯೋ ಅಲ್ಲವೋ, ಸೋತವರು ಒಂದೇ ಉಸಿರಿನಲ್ಲಿ ಕುಳಿಯವರೆಗೆ ಓಡಬೇಕೋ ಬೇಡವೋ ಎಂಬುದು ಊರಿಂದೂರಿಗೆ ಬೇರೆ. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಬಂದ ಹುಡುಗ ಮೊದಲು ಕಲಿಯಬೇಕಾದದ್ದು ಅಲ್ಲಿಯ ಕಾನೂನನ್ನು. ಈ ವೈವಿಧ್ಯವೇ ಆಟದ ಸೊಗಸು.

ಆಟಕ್ಕೆ ಕಾಲವನ್ನು ಗೊತ್ತು ಮಾಡುತ್ತಿದ್ದುದು ಬೇಸಾಯ. ಮಳೆ ಕಡಿಮೆಯ ಈ ಸೀಮೆಯಲ್ಲಿ ರಾಗಿ, ಜೋಳದ ಸುಗ್ಗಿ ಮುಗಿದ ಮೇಲೆ ಸಗಣಿ ಸಾರಿಸಿ ಗಟ್ಟಿಮಾಡಿದ ಕಣ ಖಾಲಿ ಬೀಳುತ್ತಿತ್ತು. ಸುತ್ತಲಿನ ಹೊಲಗಳೂ ಮುಂಗಾರಿನವರೆಗೆ ಬಯಲೇ. ಕಣ್ಣಿಗೆ ಚಿನ್ನಿ ಬಿದ್ದೀತೆಂಬ ಹಿರಿಯರ ಗದರಿಕೆ ನ್ಯಾಯವಾದದ್ದೇ, ಆದರೂ ಆಟ ನಿಲ್ಲುತ್ತಿರಲಿಲ್ಲ.

ಬಯಲು ಕಿರಿದಾದದ್ದು ಮೆಲ್ಲಮೆಲ್ಲಗೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಮೇಲೆ ಹಿರಿಯೂರಿನ ಕಾಲುವೆ ಬಯಲಿನಲ್ಲಿ ತೋಟ ಎದ್ದವು. ಮುಂದೆ ಕೊಳವೆಬಾವಿಯ ನೀರಿಗೆ ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಹಬ್ಬಿ ಹೊಲಗಳಿಗೆ ಬೇಲಿ ಬಂತು. ರಾಗಿ ಒಕ್ಕುವುದು ಡಾಂಬರು ರಸ್ತೆಗೆ, ಆಮೇಲೆ ಯಂತ್ರಕ್ಕೆ ಹೋಗಿ ಕಣ ಮಾಡುವುದೇ ಅಪರೂಪವಾಯಿತು. ಅಷ್ಟರಲ್ಲಿ ಕ್ರಿಕೆಟ್ ಬಂದಿತ್ತು. ಪ್ರಸನ್ನರ ನಾಯಕತ್ವದ ಕರ್ನಾಟಕ 1974ರಲ್ಲಿ ಮೊದಲ ಸಲ ರಣಜಿ ಟ್ರೋಫಿ ಗೆದ್ದದ್ದು, 1983ರಲ್ಲಿ ಭಾರತ ವಿಶ್ವಕಪ್ ಗೆದ್ದದ್ದು ಹಳ್ಳಿ ಹುಡುಗರಿಗೆ ಹೊಸ ಹುಚ್ಚು ಹಿಡಿಸಿದವು. ಬ್ಯಾಟು ಕೊಳ್ಳಲು ದುಡ್ಡಿಲ್ಲದವರಿಗೆ ತೋಟದ ತೆಂಗಿನ ಮಟ್ಟೆಯೇ ಬ್ಯಾಟಾಯಿತು: ಬುಡದ ಅಗಲ ಭಾಗ ಹೊಡೆಯಲು, ತೆಳುವಾಗಿ ಸವರಿದ ತುದಿ ಹಿಡಿಯಲು. ಅದನ್ನು ಸವರಿದ್ದು ಹಿಂದೆ ಚಿನ್ನಿ ಕೆತ್ತುತ್ತಿದ್ದ ಮನೆಯ ಮಚ್ಚೇ.