‘ಪರಾರಿ’ಯ ಪೂರ್ವೋತ್ತರ

ಕನ್ನಡದಲ್ಲಿ ಚಲನೆಯನ್ನು ಹೇಳುವ ಕ್ರಿಯಾಪದಗಳಿಗೆ ಬರವಿಲ್ಲ. ಹೋಗು, ಓಡು, ಹಾಯು, ಜಾರು, ನುಸುಳು ಎಂದು ಪಟ್ಟಿ ಬೆಳೆಯುತ್ತದೆ. ಇಷ್ಟಿದ್ದೂ ‘ಪರಾರಿಯಾಗು’ ಎಂಬ ಇನ್ನೊಂದು ಮಾತು ನಮಗೇಕೆ ಬೇಕಾಯಿತು? ಮಗು ಓಡುತ್ತದೆ, ಸೋತ ಸೈನ್ಯ ಪಲಾಯನ ಮಾಡುತ್ತದೆ, ಪರಾರಿಯಾಗುವವರೋ ಸೆರೆಯಾಳು, ಸಾಲ ತೀರಿಸದವನು. ಯಾರಿಗೋ ಉತ್ತರ ಹೇಳಬೇಕಾದವನು ಕೈಗೆ ಸಿಗದೆ ಹೋಗುವುದೇ ಪರಾರಿ.

ಇದು ‘ಪಲಾಯನ’ದ ತದ್ಭವವಿರಬೇಕೆಂದು ಊಹಿಸುವುದು ಸಹಜ. ‘ಪರಾ’ ಉಪಸರ್ಗದ ರೇಫವು ‘ಅಯ್’ ಧಾತುವಿನ ಮುಂದೆ ಲಕಾರವಾಗುವುದನ್ನು ಪಾಣಿನಿಯೇ ಸೂತ್ರಿಸಿದ್ದಾನೆ. ಪಲಾಯನ ಹುಟ್ಟಿದ್ದು ಹಾಗೆ. ಆದರೆ ಪರಾರಿಯ ಬೇರು ಅಲ್ಲಿಲ್ಲ. ಅರಬ್ಬಿಯಲ್ಲಿ ‘ಫಿರಾರ್’ ಎಂದರೆ ಓಡಿಹೋಗುವಿಕೆ; ಪಾರಸಿಯಲ್ಲಿ ‘ಫರಾರಿ’ ಎಂದರೆ ಓಡಿಹೋದವನು. ಆ ಫಕಾರದ ಉಚ್ಚಾರಣೆ ಕನ್ನಡದ ನಾಲಗೆಗೆ ಹೊಸದು. ಫಿರ್ಯಾದು ಪಿರ್ಯಾದಾದಂತೆ ಫರಾರಿ ಪರಾರಿಯಾಯಿತು. ಅದಕ್ಕೆ ‘ಆಗು’ ಸೇರಿಸಿ ಕನ್ನಡವು ತನ್ನದೇ ಕ್ರಿಯಾಪದವನ್ನು ಮಾಡಿಕೊಂಡಿತು.

ಇಂಥ ಪದಗಳು ನಮ್ಮ ಸೀಮೆಯಲ್ಲಿ ಬೇರೂರಿದ್ದು ದಂಡು ಮತ್ತು ದಫ್ತರಗಳ ಮೂಲಕ. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದ ಮೇಲೆ ಹೊಸಕೋಟೆ, ದೊಡ್ಡಬಳ್ಳಾಪುರಗಳು ಷಹಜಿಯ ಜಹಗೀರಿಗೆ ಸೇರಿದವು. 1687ರ ತರುವಾಯ ಇವೆರಡೂ ಮೊಗಲರ ಶಿರಾ ಸುಬೆಯ ಏಳು ಪರಗಣೆಗಳಲ್ಲಿ ಎಣಿಕೆಗೊಂಡವು. ಲೆಕ್ಕಪತ್ರ, ವಸೂಲಿ, ದೂರುಗಳ ಭಾಷೆಯಲ್ಲಿ ಪಾರಸಿ ಬೆರೆಯಿತು. ಕಛೇರಿಯ ಮಾತು ಕ್ರಮೇಣ ಮನೆಮಾತಿಗೆ ಇಳಿಯಿತು.

ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿಖಾನನ ವೃತ್ತಾಂತ ಈ ಪದಕ್ಕೊಂದು ಭಾಷ್ಯದಂತಿದೆ. ಯುದ್ಧದಲ್ಲಿ ಮಡಿದ ಫತೇ ಮಹಮ್ಮದನಿಂದ ಹಣ ಬಾಕಿಯಿದೆಯೆಂಬ ನೆಪದಲ್ಲಿ ಖಾನನು ಅವನ ಇಬ್ಬರು ಎಳೆಯ ಮಕ್ಕಳನ್ನು ನಗಾರಿಯೊಳಗೆ ಕೂಡಿ ಹಿಂಸಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಆ ಮಕ್ಕಳಲ್ಲಿ ಕಿರಿಯವನೇ ಮುಂದೆ ಮೈಸೂರನ್ನಾಳಿದ ಹೈದರಾಲಿ. 1761ರಲ್ಲಿ ಹೈದರನು ದೊಡ್ಡಬಳ್ಳಾಪುರದ ಮೇಲೆ ಬಂದಾಗ ಖಾನನು ಮನೆಯವರನ್ನು ಅಲ್ಲಿಯೇ ಬಿಟ್ಟು ಮದರಾಸಿಗೆ ಓಡಿದ. ನಗಾರಿಯೊಳಗಿನ ಮಕ್ಕಳಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬಾಕಿ ಕೇಳಿದ ಒಡೆಯನೇ ಕೊನೆಗೆ ಪರಾರಿಯಾದ.

ಅನ್ಯದೇಶ್ಯವೆಂಬ ಕಾರಣಕ್ಕೆ ಇಂಥ ಪದಗಳನ್ನು ಬರವಣಿಗೆಯಿಂದ ಕಿತ್ತುಹಾಕಬೇಕೆನ್ನುವವರುಂಟು. ಅವರ ಭಾಷಾಭಿಮಾನ ದೊಡ್ಡದು. ಆದರೆ ಖಾನನು ‘ಓಡಿದ’ನೆಂದಷ್ಟೇ ಹೇಳಿದರೆ ಕಾಲಿನ ಕೆಲಸ ಮಾತ್ರ ತಿಳಿಯುತ್ತದೆ. ‘ಪರಾರಿಯಾದ’ನೆಂದಾಗ ಅವನು ಉತ್ತರ ಹೇಳಬೇಕಾಗಿತ್ತೆಂಬುದೂ ನೆನಪಿನಲ್ಲಿ ಉಳಿಯುತ್ತದೆ.